ಒಂದೇ ಕಡೆ ನಿಲ್ಲುತ್ತಿದ್ದ ಕ್ಯಾಸೆಟ್ಟು

ಎದುರುಮನೆಯ ಪವಿತ್ರಾ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಯಿತು. ಮೊಬೈಲಿನಲ್ಲೂ ಟೀವಿಯಲ್ಲೂ ಸಿನಿಮಾ ತೋರಿಸುವ ಒಂದು ಆ್ಯಪಿನವರ ಪರವಾಗಿ ಗಿರಾಕಿಗಳ ಫೋನು ತೆಗೆದುಕೊಳ್ಳುವುದು ಅವಳ ಕೆಲಸ. ಬೆಳಿಗ್ಗೆ ಕುಂದಗೋಳದಿಂದ ರೈಲಿಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ. ಬಂದವಳು ತಮ್ಮ ಮನೆಗೆ ಹೋಗುವ ಮೊದಲು ನಮ್ಮ ಕಟ್ಟೆಯ ಮೇಲೆ ಕುಳಿತು ಅಂದಿನ ಕತೆಯೆಲ್ಲ ಇಳಿಸಿ ಹೋಗುತ್ತಾಳೆ.

"ಚಿಗವ್ವಾ, ಮಂದಿ ಏನೇನ್ ಕೇಳ್ತಾರ ಗೊತ್ತೇನು? ಇವತ್ತ ಒಬ್ಬಾಂವ ಫೋನ್ ಹಚ್ಚಿ, ಹ್ವಾದ ವಾರ ಅರ್ಧಾ ನೋಡಿದ ಪಿಚ್ಚರ್ ಯಾವುದು ಹೇಳ್ರಿ ಅಂದ. ಹೀರೋ ಯಾರ್ರಿ ಅಂದ್ರ, ಮೀಸಿ ಅದಾವು ಅಂತಾನ."

"ನೀ ಏನಂದಿ?"

"ಸಾರಿ ಸರ್, ಆ ಮಾಹಿತಿ ನಮ್ಮ ಹತ್ರ ಇಲ್ಲ ಅಂದೆ."

"ಅಲ್ಲೇ ತಪ್ಪಿದಿ ನೋಡು. ಮೀಸಿ ಅಂದಾಗನ ಅರ್ಧಾ ಕೆಲಸ ಆಗಿತ್ತು. ಮನ್ಯಾಗ ಯಾರ್ಯಾರು ಕುಂತು ನೋಡಿದ್ರಿ, ಯಾವಾಗ ಎದ್ದ್ರಿ ಅಂತ ಕೇಳಬೇಕಿತ್ತು."

"ಅದನ್ನೆಲ್ಲಾ ಕೇಳಾಕ ಪುರಸೊತ್ತಿಲ್ಲ ಚಿಗವ್ವಾ. ಒಂದು ಫೋನಿಗೆ ನಾಕ ನಿಮಿಷ."

ನಾಲ್ಕು ನಿಮಿಷ. ನಮ್ಮ ಅಂಗಡಿಯಲ್ಲಿ ಗಿರಾಕಿ ಛತ್ರಿ ಮಡಚಿ ಗೋಡೆಗೆ ಆನಿಸಿ, ಬಸ್ಸಿನಲ್ಲಿ ಸೀಟು ಸಿಗದ ಸಮಾಚಾರ ಹೇಳುವುದಕ್ಕೇ ಅಷ್ಟು ಹೊತ್ತು ಬೇಕಿತ್ತು. ಪವಿತ್ರಾಳ ಜೊತೆ ಹೊಸದಾಗಿ ಸೇರಿದ ಹುಡುಗಿಯರು ಇನ್ನೂ ಎಂಟು ಹತ್ತು ಮಂದಿ ಇದ್ದಾರಂತೆ. ಅವರಿಗೂ ಓದಲು ಕೊಡುತ್ತೇನೆ, ನಿನ್ನ ಕಾಲದ್ದನ್ನು ಬರೆದುಕೊಡು ಎಂದು ದುಂಬಾಲು ಬಿದ್ದಳು. ಕುಂದಗೋಳದ ಬಸ್ ಸ್ಟ್ಯಾಂಡಿನ ಹತ್ತಿರ ಇಪ್ಪತ್ತು ವರ್ಷಕ್ಕೂ ಮೇಲೆ ಸಿನಿಮಾ ಬಾಡಿಗೆಗೆ ಕೊಟ್ಟವಳು ನಾನು. ಮೊದಲು ವಿಡಿಯೋ ಕ್ಯಾಸೆಟ್ಟು, ಆಮೇಲೆ ಸೀಡಿ. ಬಡ್ತಿಯ ವಿಷಯ ಬರೆಯುವಂಥದ್ದೇನಿಲ್ಲ. ಮೊದಲು ಸ್ಟೂಲಿನ ಮೇಲೆ ಕೂರುತ್ತಿದ್ದೆ, ನಮ್ಮ ಭಾವನವರಿಗೆ ಮೊಣಕಾಲು ನೋವು ಬಂದು ಮನೆಯಲ್ಲಿ ಕುಳಿತ ಮೇಲೆ ಕುರ್ಚಿಯ ಮೇಲೆ ಕುಳಿತೆ. ಅಷ್ಟೆ.

ಅಂಗಡಿ ಭಾವನವರದು. ನನ್ನ ಯಜಮಾನರು ಹುಬ್ಬಳ್ಳಿಯ ಕೆಲಸಕ್ಕೆ ಹೋಗಿಬರುತ್ತಿದ್ದರು. ಮದುವೆಯಾಗಿ ಬಂದ ಮರುವರ್ಷ ಭಾವ ನನ್ನನ್ನು ಕರೆದು, "ಸುಮಿತ್ರಾ, ನಾ ಉಂಡು ಒಂದೀಟು ಅಡ್ಡಾಗಿ ಬರೂತನಾ ಅಂಗಡ್ಯಾಗ ಕುಂದರತೀಯೇನು? ಎರಡ ತಾಸಿನ ಮಾತು," ಎಂದರು. ಆ ಎರಡು ತಾಸು ಮುಗಿಯುವಷ್ಟರಲ್ಲಿ ನನ್ನ ತಲೆಗೂದಲು ಬೆಳ್ಳಗಾಗಿದ್ದವು.

ಮಧ್ಯಾಹ್ನ ಹೆಂಗಸು ಕೂರುತ್ತಾಳೆಂದು ಗೊತ್ತಾದದ್ದೇ ತಡ, ಹೆಂಗಸರು ಬರತೊಡಗಿದರು. ಅದುವರೆಗೆ ಕ್ಯಾಸೆಟ್ಟು ಆರಿಸುವುದು ಗಂಡಸರ ಕೆಲಸವಾಗಿತ್ತು. ಅವರು ಹೊಡೆದಾಟದ್ದನ್ನೇ ಒಯ್ಯುತ್ತಿದ್ದರು. ಹೆಂಗಸರಿಗೆ ಸಿನಿಮಾದ ಹೆಸರು ಬೇಕಿರಲಿಲ್ಲ. "ಅಕ್ಕಾರ, ಅಳೂದು ಕೊಡ್ರಿ" ಎನ್ನುವರು, ಇಲ್ಲವೇ "ಅಳಲಾರದ್ದು ಕೊಡ್ರಿ, ಮನ್ಯಾಗ ಬೀಗರು ಬಂದಾರ" ಎನ್ನುವರು. ಭಾವ ಕಪಾಟಿಗೆ ಭಕ್ತಿ, ಹೊಡೆದಾಟ, ಕೌಟುಂಬಿಕ ಎಂದು ಮೂರು ಪಟ್ಟಿ ಬರೆಸಿ ಅಂಟಿಸಿದ್ದರು. ನಾನು ನನ್ನ ಮನಸ್ಸಿನಲ್ಲೇ ಬೇರೆ ಪಟ್ಟಿ ಇಟ್ಟುಕೊಂಡಿದ್ದೆ: ಅತ್ತೆಯ ಜೊತೆ ಕುಳಿತು ನೋಡುವಂಥದ್ದು, ಅತ್ತೆ ಊರಿಗೆ ಹೋದಾಗ ನೋಡುವಂಥದ್ದು, ಶೇಂಗಾ ಸುಲಿಯುತ್ತ ನೋಡಿದರೂ ಕತೆ ತಪ್ಪದಂಥದ್ದು. ಈಗ ನಮ್ಮ ಮನೆಯ ಟೀವಿಯಲ್ಲಿ ಆ ಆ್ಯಪು ತೆರೆದರೆ 'ನಿಮಗಾಗಿ ಆರಿಸಿದ್ದು' ಎಂದು ಒಂದು ಸಾಲು ಬರುತ್ತದೆ. ನಾನು ಒಮ್ಮೆ ಅಡಿಗೆಯ ಕಾರ್ಯಕ್ರಮ ನೋಡಿದ್ದಕ್ಕೆ ಆರು ತಿಂಗಳಿಂದ ನನಗೆ ಕೇಕು ಮಾಡುವುದನ್ನೇ ಆರಿಸಿಕೊಡುತ್ತಿದೆ. ನಮ್ಮ ಮನೆಯಲ್ಲಿ ಒಲೆಯಿದೆ, ಓವನ್ ಇಲ್ಲ. ನನಗಾಗಿ ಆರಿಸುವವರಿಗೆ ಅಷ್ಟಾದರೂ ಗೊತ್ತಿರಬೇಕಲ್ಲವೇ?

ಭಾವನವರ ಬಗ್ಗೆ ಎರಡು ಮಾತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೇಲಿನವರ ಪರಿಚಯವೇ ದೊಡ್ಡ ಪಾಠ. ನಮ್ಮ ಭಾವ ಒಂದೂ ಸಿನಿಮಾವನ್ನು ಪೂರ್ತಿ ನೋಡಿದವರಲ್ಲ. ಆದರೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು. ಗಿರಾಕಿ ಕೇಳಿದರೆ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ, "ಒಯ್ರಿ, ಛಲೋ ಐತಿ" ಎನ್ನುವರು. ಭಾರವಿದ್ದರೆ ಛಲೋ. ಅವರ ಒಂದೇ ಕಟ್ಟುನಿಟ್ಟು ಎಂದರೆ ರಿವೈಂಡ್. ಕ್ಯಾಸೆಟ್ಟನ್ನು ಮೊದಲಿನ ತನಕ ತಿರುಗಿ ಸುತ್ತಿ ಕೊಡಬೇಕು ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿದ್ದರು. ಯಾರೂ ಸುತ್ತುತ್ತಿರಲಿಲ್ಲ. ಸಿನಿಮಾ ಮುಗಿದದ್ದೇ ಎದ್ದು ಹಾಸಿಗೆ ಹಾಸುವ ಜನ.

ಭಾವನಿಗೆ ಅದು ಸಿಟ್ಟು, ನನಗೆ ಅದೇ ವಿದ್ಯೆ. ಕ್ಯಾಸೆಟ್ಟಿನ ನಡುವಿನ ಕಿಟಕಿಯಲ್ಲಿ ಎಡಕ್ಕೆಷ್ಟು, ಬಲಕ್ಕೆಷ್ಟು ಟೇಪು ಸುತ್ತಿಕೊಂಡಿದೆ ಎಂದು ನೋಡಿದರೆ ಆ ಮನೆಯವರು ಎಲ್ಲಿಗೆ ನಿಲ್ಲಿಸಿದರು ಎಂಬುದು ತಿಳಿಯುತ್ತಿತ್ತು. ಪೋಸ್ಟಾಫೀಸಿನ ಓಣಿಯ ಒಬ್ಬರ ಮನೆಯಿಂದ ಬಂದ ಕ್ಯಾಸೆಟ್ಟು ಯಾವಾಗಲೂ ಕೊನೆಯ ಹತ್ತು ನಿಮಿಷ ಉಳಿದಿರುತ್ತಿತ್ತು. ಆ ಮನೆಯ ಅಜ್ಜಿಗೆ ಯಾರೂ ಸಾಯಬಾರದು. ಸಾಯುವ ಲಕ್ಷಣ ಕಂಡದ್ದೇ ಬಂದ್ ಮಾಡಿಸುತ್ತಿದ್ದಳು. ಇನ್ನೊಬ್ಬರದು ಮೊದಲ ಕಾಲುಭಾಗಕ್ಕೇ ನಿಂತಿರುತ್ತಿತ್ತು. ಅಲ್ಲಿ ಗಂಡಹೆಂಡತಿ ಜಗಳ ಎಂದು ತಿಳಿಯಬೇಕು. ಮುಂದಿನ ಸಲ ಅವರಿಗೆ ನಗೆಯ ಸಿನಿಮಾ ಕೊಡುತ್ತಿದ್ದೆ. ಈಗಿನ ಆ್ಯಪಿಗೂ ನೀವು ಎಲ್ಲಿಗೆ ನಿಲ್ಲಿಸಿದಿರಿ ಎಂಬುದು ಗೊತ್ತು, ಅಲ್ಲಿಂದಲೇ ಮುಂದುವರಿಸುತ್ತದೆ. ಯಾಕೆ ನಿಲ್ಲಿಸಿದಿರಿ ಎಂದು ಮಾತ್ರ ಅದು ವಿಚಾರಿಸುವುದಿಲ್ಲ. ಒಮ್ಮೊಮ್ಮೆ 'ಇನ್ನೂ ನೋಡುತ್ತಿದ್ದೀರಾ?' ಎಂದು ಕೇಳುತ್ತದೆ. ಅಷ್ಟು ಮರ್ಯಾದೆಯಿಂದ ಕೇಳುವಾಗ ಸುಮ್ಮನಿರುವುದು ಹೇಗೆ? ನಾನು "ಹೌದ್ರಿ" ಎಂದೇ ಒತ್ತುತ್ತೇನೆ.

ಸೀಡಿಯ ಕಾಲ ಬಂದಾಗ ಈ ವಿದ್ಯೆ ಹೋಯಿತು. ಸೀಡಿ ನೋಡಿದರೆ ಏನೂ ತಿಳಿಯುವುದಿಲ್ಲ, ನಿಮ್ಮ ಮುಖವೇ ಕಾಣುತ್ತದೆ. ಅದರ ಮೇಲೆ ಗೀರು ಬಿದ್ದರೆ ಒಬ್ಬರು ಟೂತ್‌ಪೇಸ್ಟ್ ಹಚ್ಚಿ ತಿಕ್ಕುವರು, ಇನ್ನೊಬ್ಬರು ಶೇಂಗಾ ಎಣ್ಣೆ ಹಚ್ಚುವರು. ಒಮ್ಮೆ ಯರಗುಪ್ಪಿಗೆ ಬಸ್ಸಿನಲ್ಲಿ ಹೋಗುವಾಗ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕಟ್ಟಿದ ದಾರದಲ್ಲಿ ಸೀಡಿಗಳು ಮಿರಮಿರ ಮಿಂಚುತ್ತಿದ್ದವು. ಹೊಲದವನು ನಮ್ಮ ಗಿರಾಕಿ. ಮರುವಾರ ಅಂಗಡಿಗೆ ಬಂದಾಗ, "ನಮ್ಮ ಮೂರು ಸೀಡಿ ಎಲ್ಲ್ಯದಾವ್ರಿ?" ಎಂದು ಕೇಳಿದೆ.

"ಮನ್ಯಾಗ ಅದಾವ್ರಿ ಅಕ್ಕಾರ. ಮಂದಿ ಇನ್ನೂ ನೋಡಾಕತ್ತಾರ."

"ಹಕ್ಕಿ ಅಂತೂ ನೋಡಾಕತ್ತಾವು," ಎಂದೆ. ಅವನು ಸುಗ್ಗಿ ಮುಗಿದ ಮೇಲೆ ಮೂರನ್ನೂ ತೊಳೆದು ತಂದುಕೊಟ್ಟ. ಒಂದು ಓಡುತ್ತಲೂ ಇತ್ತು.

ಇದೆಲ್ಲ ನಗೆಯ ಮಾತು. ಈಗ ನನ್ನ ತಪ್ಪಿನ ವಿಷಯ ಬರೆಯಬೇಕು. ಅದನ್ನು ಹೇಳದೆ ಉಳಿದದ್ದನ್ನು ಬರೆದರೆ ಈ ಹುಡುಗಿಯರಿಗೆ ನಾನು ಬಲು ಹುಷಾರಿ ಎಂಬ ತಪ್ಪು ತಿಳಿವಳಿಕೆ ಬರುತ್ತದೆ.

ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮದುವೆಯಲ್ಲಿ ವಿಡಿಯೋ ತೆಗೆಸುವ ಹುರುಪು ಹಳ್ಳಿಗೆ ಬಂದಿತ್ತು, ಆದರೆ ಕ್ಯಾಸೆಟ್ಟು ಹಾಕಿ ನೋಡುವ ವೀಸಿಆರ್ ಎಲ್ಲರ ಮನೆಯಲ್ಲಿರಲಿಲ್ಲ. ಸ್ಟುಡಿಯೋದವನು ಕ್ಯಾಸೆಟ್ಟು ಕೊಟ್ಟು ಹೋಗುತ್ತಿದ್ದ, ಮನೆಯವರು ಅದನ್ನು ಟ್ರಂಕಿನಲ್ಲಿಟ್ಟು ಸುಮ್ಮನೆ ಮುಟ್ಟಿ ನೋಡುತ್ತಿದ್ದರು. ಅಂಥವರು ತಮ್ಮ ಮದುವೆಯ ಕ್ಯಾಸೆಟ್ಟನ್ನು ನಮ್ಮ ಅಂಗಡಿಯಲ್ಲೇ ಇಡತೊಡಗಿದರು. ಬೇಕೆನಿಸಿದಾಗ ಮಧ್ಯಾಹ್ನ ಬಂದು, ಹಿಂದಿನ ಖೋಲಿಯಲ್ಲಿ ಚಾಪೆಯ ಮೇಲೆ ಕುಳಿತು ನೋಡಿ ಹೋಗುವರು. ಅದಕ್ಕೆಂದೇ ಒಂದು ಕಪಾಟಿತ್ತು, ಮದುವಿ ಕಪಾಟು. ಸೋಮವಾರ ಹೊಲದಲ್ಲಿ ಎತ್ತು ಹೂಡುವುದಿಲ್ಲವಾದ್ದರಿಂದ ಹಳ್ಳಿಯವರಿಗೆ ಬಿಡುವು. ಸೋಮವಾರ ಮಧ್ಯಾಹ್ನ ನಮ್ಮ ಹಿಂದಿನ ಖೋಲಿಯಲ್ಲಿ ಒಂದಾದ ಮೇಲೊಂದು ಮದುವೆ ನಡೆಯುತ್ತಿದ್ದವು.

ಯರಗುಪ್ಪಿಯ ನೀಲವ್ವ ಹೀಗೆ ಬರುವವಳು. ಎರಡು ಮೂರು ವಾರಕ್ಕೊಮ್ಮೆ, ಸಂತೆ ಚೀಲ ಹಿಡಿದು ಬಂದು ತನ್ನ ಮದುವೆ ನೋಡಿ ಹೋಗುತ್ತಿದ್ದಳು. ಒಂದು ಬೇಸಿಗೆಯಲ್ಲಿ ಅವಳ ತಾಯಿ ಬಸವ್ವನಿಗೆ ಆರಾಮಿಲ್ಲವೆಂದು ಬರುವುದು ನಿಂತಿತು. ಅದೇ ಬೇಸಿಗೆಯಲ್ಲಿ ಸೆಖೆಗೆ ಗೋಂದು ಒಣಗಿ ಕ್ಯಾಸೆಟ್ಟುಗಳ ಮೇಲಿನ ಹೆಸರಿನ ಚೀಟಿಗಳು ಉದುರತೊಡಗಿದವು. ನಾನು ಬಲು ಅಚ್ಚುಕಟ್ಟಿನವಳಲ್ಲವೇ? ಉದುರಿದ್ದು, ಉದುರಲಿರುವುದು ಎಲ್ಲವನ್ನೂ ಬಿಡಿಸಿ ಮೇಜಿನ ಮೇಲೆ ಹರಡಿ, ಮೈದಾ ಅಂಟು ಕುದಿಸಿ ಒಂದೇ ಮಧ್ಯಾಹ್ನ ಮತ್ತೆ ಹಚ್ಚಿದೆ. ಫ್ಯಾನು ಹಾಕಿದ್ದೆ. ಚೀಟಿ ಎರಡು ಹಾರಿದವು, ಎತ್ತಿ ಹಚ್ಚಿದೆ. ಹೀಗೆ ನೀಲವ್ವನ ಮದುವೆಗೆ ಅಣ್ಣ ತಂಗಿಯ ಒಂದು ಕೌಟುಂಬಿಕ ಸಿನಿಮಾದ ಹೆಸರು ಬಂತು, ಸಿನಿಮಾಕ್ಕೆ ನೀಲವ್ವನ ಹೆಸರು ಬಂತು. ನನಗೆ ಗೊತ್ತಾಗಲಿಲ್ಲ.

ಆಮೇಲಿನ ಎರಡು ತಿಂಗಳು ಆ ಸಿನಿಮಾಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಒಬ್ಬರು ತಂದದ್ದೇ ಇನ್ನೊಬ್ಬರು ಒಯ್ಯುತ್ತಿದ್ದರು. ಯಾರ ಮನೆಯಿಂದ ಬಂದರೂ ಕ್ಯಾಸೆಟ್ಟು ಒಂದೇ ಕಡೆ ನಿಂತಿರುತ್ತಿತ್ತು, ಮುಕ್ಕಾಲು ದಾಟಿ ಸ್ವಲ್ಪ ಮುಂದೆ. ನಾನು ನನ್ನ ವಿದ್ಯೆ ಓಡಿಸಿ, ಅಲ್ಲೊಂದು ಒಳ್ಳೆಯ ಹಾಡಿರಬೇಕು ಎಂದುಕೊಂಡೆ. "ಹೆಂಗಿತ್ರಿ?" ಎಂದು ಕೇಳಿದರೆ, "ಮುದುಕಿ ಪಾರ್ಟು ಅಗದಿ ಛಲೋ ಮಾಡ್ಯಾಳ್ರಿ" ಎಂದರು ಒಬ್ಬರು. "ಊಟದ ಸೀನು ಉದ್ದ ಆತು, ಆದ್ರೂ ಅಡ್ಡಿಯಿಲ್ಲ" ಎಂದರು ಇನ್ನೊಬ್ಬರು. ಭಾವ ಖುಷಿಯಾಗಿ, "ನಾ ಹೇಳಿದ್ದಿಲ್ಲೇನು, ಕೌಟುಂಬಿಕಕ್ಕ ಸಾವಿಲ್ಲ ಅಂತ," ಎಂದರು.

ಮಳೆಗಾಲ ಹಿಡಿದ ಮೇಲೆ ಒಂದು ಸೋಮವಾರ ನೀಲವ್ವ ಬಂದಳು. ಹಣೆ, ಕೈ ಬೋಳಾಗಿರಲಿಲ್ಲ, ಆದರೆ ಮುಖ ಇಳಿದಿತ್ತು. ತಾಯಿ ಹೋಗಿ ತಿಂಗಳಾಯಿತೆಂದಳು.

"ಫೋಟೋ ಒಂದೂ ಇಲ್ರಿ ಅಕ್ಕಾರ. ತಗಿಸಿಕೊಳ್ಳಾಕ ಒಲ್ಲೆ ಅಂತಿದ್ಲು. ಕ್ಯಾಸೆಟ್ನ್ಯಾಗ ಅಷ್ಟ ಅದಾಳ. ಹಾಕ್ರಿ."

ಹಾಕಿದೆ. ಹಿಂದಿನ ಖೋಲಿಯ ಟೀವಿಯಲ್ಲಿ ಅಣ್ಣ ತಂಗಿ ಹೊಳೆಯ ದಂಡೆಯಲ್ಲಿ ಓಡಿದರು. ನಾನು ತಟ್ಟನೆ ಬಂದ್ ಮಾಡಿದೆ. ಚೀಟಿ ಹಚ್ಚಿದ ಆ ಮಧ್ಯಾಹ್ನ, ಫ್ಯಾನು, ಹಾರಿದ ಎರಡು ಚೀಟಿ, ಪಾರ್ಟು ಮಾಡಿದ ಮುದುಕಿ, ಎಲ್ಲ ಒಮ್ಮೆಲೇ ತಲೆಗೆ ಬಂದವು.

"ಏನಾತ್ರಿ?"

"ಮಶೀನ್ ಹಿಡಿಯವಲ್ದು ನೀಲವ್ವ. ಬರೂ ಸೋಮವಾರ ಬರ್ರಿ, ರಿಪೇರಿ ಮಾಡಿಸಿ ಇಟ್ಟಿರ್ತೀನಿ."

ಅವಳು ಚೀಲ ಎತ್ತಿಕೊಂಡು ಹೋದಳು. ಹನ್ನೊಂದು ಮೈಲಿ ಬಸ್ಸಿನಲ್ಲಿ ಬಂದವಳಿಗೆ ಸುಳ್ಳು ಹೇಳಿ ಕಳಿಸಿದೆ. ಈ ಹುಡುಗಿಯರಿಗೆ ಫೋನಿನಲ್ಲಿ 'ತಾಂತ್ರಿಕ ತೊಂದರೆ' ಎನ್ನಲು ಕಲಿಸಿದ್ದಾರಂತೆ. ಅದನ್ನು ಯಾರೂ ಕಲಿಸದಿದ್ದರೂ ನಾನು ಅಂದೇ ಹೇಳಿದ್ದೆ.

ಕಪಾಟಿನಲ್ಲಿ ಅಣ್ಣ ತಂಗಿಯ ಡಬ್ಬಿ ಇರಲಿಲ್ಲ. ಕೊನೆಗೆ ಒಯ್ದವರು ನಮ್ಮ ಓಣಿಯ ಮಾಸ್ತರರು, ಶಾಲೆಯಿಂದ ನಿವೃತ್ತರಾಗಿ ಮನೆಯಲ್ಲಿದ್ದವರು. ಅವರ ಮನೆಗೇ ಹೋದೆ. ಅವರು ಪೇಪರು ಮಡಚಿಟ್ಟು ಕನ್ನಡಕ ತೆಗೆದರು.

"ಅದು ಸಿನಿಮಾ ಅಲ್ಲ, ಯಾರದೋ ಮದುವಿ ಅಂತ ಐದು ನಿಮಿಷಕ್ಕ ಗೊತ್ತಾತು ತಂಗಿ."

"ಮತ್ತ ಹೇಳಲಿಲ್ಲಲ್ರಿ ಮಾಸ್ತರ."

"ಹೇಳಿದ್ರ ನೀ ತಗೊಂಡು ಬಿಡತಿದ್ದಿ. ನಮ್ಮ ಸಾಲ್ಯಾಗ ಕಲಿತ ಆರು ಹುಡುಗರು ಅದರಾಗ ಊಟಕ್ಕ ಬಡಿಸ್ಯಾರ. ಒಬ್ಬಾಂವ ಏಳನೇ ಕ್ಲಾಸ್ನ್ಯಾಗ ಎರಡು ಸಲ ನಪಾಸಾದಾಂವ, ಹೋಳಿಗಿ ಮಾತ್ರ ಲೆಕ್ಕಾ ತಪ್ಪದಂಗ ಬಡಸಾಕತ್ತಿದ್ದ."

ಇದೇ ಕತೆ ಎಲ್ಲರದೂ. ಸುತ್ತಲಿನ ಹತ್ತು ಹಳ್ಳಿಯವರು ಬಂದು ಹೋದ ಮದುವೆ ಅದು. ನೋಡಿದವರಿಗೆಲ್ಲ ಒಬ್ಬರಲ್ಲ ಒಬ್ಬರು ಬೀಗರು, ನೆಂಟರು, ಗೊತ್ತಿದ್ದವರು ಸಿಕ್ಕಿದ್ದರು. ಹೀರೋ ಹೀರೋಯಿನ್ನು ಯಾರಿಗೆ ಬೇಕು? ಮಾಸ್ತರರು ಅದನ್ನು ನನಗೆ ತಿರುಗಿಸುವ ಬದಲು ಹಿಟ್ಟಿನ ಗಿರಣಿಯ ಮಹಾದೇವಪ್ಪನಿಗೆ ದಾಟಿಸಿದ್ದರು. ಗಿರಣಿಗೆ ಹೋದೆ. ಮಹಾದೇವಪ್ಪ ಹಿಟ್ಟಿನ ಮುಖದಲ್ಲೇ ನಕ್ಕ.

"ಅದರಾಗ ನಮ್ಮ ತಂಗಿ ಅದಾಳ್ರಿ ಅಕ್ಕಾರ, ಹಸರ ಸೀರಿ ಉಟ್ಟಾಕಿ. ದುಮ್ಮವಾಡಕ್ಕ ಕೊಟ್ಟೀವಿ ಅಕಿನ್ನ. ನೋಡಲಿ ಅಂತ ನಿನ್ನೆ ಮೊನ್ನೆ ಹೋದವರ ಕೈಯಾಗ ಕಳಿಸಿದೆ."

ದುಮ್ಮವಾಡ ಕಲಘಟಗಿ ತಾಲ್ಲೂಕು. ಹುಬ್ಬಳ್ಳಿಗೆ ಹೋಗಿ, ಕಲಘಟಗಿ ಬಸ್ಸು ಹತ್ತಿ, ಅಲ್ಲಿಂದ ಮತ್ತೊಂದು. ಭಾವನವರಿಗೆ ನಿಜ ಹೇಳಿ ರಜೆ ಕೇಳಿದೆ. ಅವರು ಮೊಣಕಾಲು ತಿಕ್ಕಿಕೊಂಡು, "ಡಬ್ಬಿ ಭಾರ ಇತ್ತಲ್ಲ, ನನಗೂ ಗೊತ್ತಾಗಲಿಲ್ಲ," ಎಂದರು. ನನ್ನನ್ನು ಬೈಯದೆ ಬಿಡುವ ಅವರ ರೀತಿ ಅದು. ಗುರುವಾರ ಬೆಳಿಗ್ಗೆ ಹೊರಟೆ.

ದುಮ್ಮವಾಡದಲ್ಲಿ ಮಹಾದೇವಪ್ಪನ ತಂಗಿ ಶಾಂತವ್ವನ ಮನೆ ಸಿಕ್ಕಿತು. ಅವಲಕ್ಕಿ, ಚಹಾ ಆಗುವ ತನಕ ವಿಷಯ ಎತ್ತಲು ಅವಳು ಬಿಡಲಿಲ್ಲ. ಆಮೇಲೆ ತನ್ನ ಮನೆಯಲ್ಲಿ ವೀಸಿಆರ್ ಇಲ್ಲ, ಬಾಜೂ ಮನೆಯವರಲ್ಲಿ ಹಾಕಿ ನೋಡಿದೆವು, ಕ್ಯಾಸೆಟ್ಟು ಅಲ್ಲೇ ಇದೆ ಎಂದಳು. ಬಾಜೂ ಮನೆಯ ಹೆಣ್ಣುಮಗಳು ನನ್ನನ್ನು ನೋಡಿದವಳೇ ಬಾಗಿಲಿಗೆ ಅಡ್ಡ ನಿಂತಳು.

"ಈಗ ಕೊಡಾಕ ಬರಂಗಿಲ್ರಿ. ಅದರಾಗ ನಮ್ಮ ಮಾವ ಅದಾನ."

"ನಿಮ್ಮ ಮಾವನೂ ಆ ಮದುವಿಗೆ ಬಂದಿದ್ರೇನ್ರಿ?"

"ಇಲ್ರಿ. ಮೊನ್ನೆ ಟೀವ್ಯಾಗ ರೈತರ ಕಾರ್ಯಕ್ರಮದಾಗ ಬಂದಿದ್ದ. ಗೋವಿನಜೋಳದ ಬಗ್ಗೆ ಅಗದಿ ಛಂದ ಮಾತಾಡಿದ. ಖಾಲಿ ಕ್ಯಾಸೆಟ್ ಇರಲಿಲ್ಲ, ಇದರ ಮ್ಯಾಲೆ ತುಂಬಿಕೊಂಡ್ವಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಕ್ಯಾಸೆಟ್ಟಿನ ಅಂಚಿನ ಚಿಕ್ಕ ತುಣುಕನ್ನು ಮುರಿದಿಟ್ಟರೆ ಅದರ ಮೇಲೆ ಬೇರೆ ತುಂಬಲು ಬರುವುದಿಲ್ಲ. ಸ್ಟುಡಿಯೋದವನು ಮುರಿದೇ ಕೊಟ್ಟಿದ್ದ. ಇವರು ಆ ಸಂದಿಗೆ ಅಂಟುಪಟ್ಟಿ ಹಚ್ಚಿ ದಾರಿ ಮಾಡಿಕೊಂಡಿದ್ದರು. "ಎಲ್ಲಿಂದ ಎಲ್ಲಿತನಾ ತುಂಬೀರಿ?" ಎಂದರೆ, "ಮೊದಲಿಂದ ಶುರು ಮಾಡೀವ್ರಿ, ಅರ್ಧಾ ತಾಸು ಮ್ಯಾಲಾತು" ಎಂದಳು. ಹಾಕಿಸಿ ನೋಡಿದೆ. ದೇವರ ಕಾರ್ಯ, ಅರಿಷಿಣ, ಅಕ್ಕಿಕಾಳು ಬಿದ್ದದ್ದು, ತಾಳಿ ಕಟ್ಟಿದ್ದು, ಎಲ್ಲ ಇದ್ದ ಜಾಗದಲ್ಲಿ ರುಮಾಲು ಸುತ್ತಿದ ಒಬ್ಬ ಯಜಮಾನರು ಗೊಬ್ಬರ ಯಾವಾಗ ಹಾಕಬೇಕೆಂದು ವಿವರವಾಗಿ ಹೇಳುತ್ತಿದ್ದರು. ಮುಂದಕ್ಕೆ ಓಡಿಸಿದೆ. ಗೋವಿನಜೋಳ ಮುಗಿದು, ಊಟದ ಪಂಗತಿ ಬಂತು. ಇನ್ನೂ ಮುಂದೆ, ಮುಕ್ಕಾಲು ದಾಟಿದ ಮೇಲೆ, ಬಸವ್ವ ಬಂದಳು.

ಅಡಿಗೆಯ ಕಡೆಯಿಂದ ಕೊಡ ಹೊತ್ತು ಬರುತ್ತಿದ್ದಾಳೆ. ತಲೆಯ ಮೇಲಿನ ಸೆರಗು ಜಾರಿದೆ. ಕ್ಯಾಮೆರಾ ಎದುರು ಕಂಡು ಗಕ್ಕನೆ ನಿಲ್ಲುತ್ತಾಳೆ. "ಏ ತಮ್ಮಾ, ನನ್ನೇನ್ ತಗೀತಿ? ಅಲ್ಲೆ ಮದುಮಗಳು ಕುಂತಾಳ, ಅಕಿನ್ನ ತಗಿ. ರೀಲು ಹಾಳಾಗತೈತಿ." ಅವನು ಸರಿಯುವುದಿಲ್ಲ. "ಉಂಡೀಯೋ ಇಲ್ಲೋ? ಉಣ್ಣು ಹೋಗು ಮೊದಲ." ಅಷ್ಟೇ, ಅರ್ಧ ನಿಮಿಷ. ಎಲ್ಲರ ಮನೆಯಲ್ಲೂ ತಿರುತಿರುಗಿ ಹಾಕಿ ನೋಡಿದ್ದು ಇದನ್ನೇ.

ಮಾವನವರನ್ನು ಬೇರೆ ಕ್ಯಾಸೆಟ್ಟಿಗೆ ಇಳಿಸಿ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಡುವೆನೆಂದು ಮಾತು ಕೊಟ್ಟ ಮೇಲೆ ಆ ಹೆಣ್ಣುಮಗಳು ಬಾಗಿಲು ಬಿಟ್ಟಳು. ಮಾತು ಉಳಿಸಿಕೊಂಡೆ. ಅಂಗಡಿಯಲ್ಲಿ ಎರಡು ಮಶೀನು ಜೋಡಿಸಿ ಇಳಿಸುವಾಗ ಗೋವಿನಜೋಳದ ಬಗ್ಗೆ ನಾನು ಕಲಿತದ್ದು ಇಂದಿಗೂ ನೆನಪಿದೆ.

ಸೋಮವಾರ ನೀಲವ್ವ ಬಂದಳು. ಚಾಪೆ ಹಾಸಿ ಕೂರಿಸಿ, ಮಶೀನು ಕೆಟ್ಟಿರಲಿಲ್ಲ ಎಂಬಲ್ಲಿಂದ ಎಲ್ಲವನ್ನೂ ಹೇಳಿದೆ. ಚೀಟಿ, ಮಾಸ್ತರ, ಗಿರಣಿ, ದುಮ್ಮವಾಡ. ನಿಮ್ಮ ತಾಳಿ ಕಟ್ಟಿದ್ದು ಹೋಯಿತು ಎಂದೂ ಹೇಳಿದೆ. ಅವಳು ಸೆರಗಿನ ಚುಂಗು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಗಂಡ ಮನ್ಯಾಗ ಅದಾನ್ರಿ, ದಿನಾ ನೋಡ್ತೀನಿ. ಅವ್ವ ಅದಾಳೋ ಇಲ್ಲೋ ಅದನ್ನ ಹೇಳ್ರಿ."

"ಅದಾಳ."

"ಹಾಕ್ರಿ."

ನೋಡಿದಳು. ಬಸವ್ವ 'ಉಣ್ಣು ಹೋಗು' ಎಂದಾಗ ನೀಲವ್ವನ ತುಟಿಯೂ ಅಲುಗಿತು. ಮೂರು ಸಲ ಹಾಕಿಸಿದಳು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು.

"ಎಷ್ಟು ಮನಿಯಾಗ ನೋಡ್ಯಾರ್ರಿ ಇದನ್ನ?"

"ಹದಿನೈದು ಇಪ್ಪತ್ತು ಮನಿ ಆಗಬಹುದು."

"ಗಂಡಸರೂ?"

ನಾನು ಹೌದೆಂದು ತಲೆಯಾಡಿಸಿದೆ.

"ತಲಿ ಮ್ಯಾಲೆ ಸೆರಗಿಲ್ಲದೆ ಬಾಗಿಲಿಗೆ ಬಂದಾಕಿ ಅಲ್ರಿ ನಮ್ಮವ್ವ. ಇದ್ದಾಗ ಕುಂದಗೋಳ ದಾಟಿ ಹೋಗಲಿಲ್ಲ. ಸತ್ತ ಮ್ಯಾಲೆ ದುಮ್ಮವಾಡತನಾ ಹೋಗಿ ಬಂದ್ಲು, ಅದೂ ಬರೇ ತಲೀಲೆ."

ಜನ ಬಸವ್ವನನ್ನು ನೋಡಿ ನಕ್ಕದ್ದು ಪ್ರೀತಿಯಿಂದಲೇ ಎಂದು ಹೇಳಬಹುದಿತ್ತು. ಹೇಳಿದ್ದರೆ ನನಗೆ ಹಗುರಾಗುತ್ತಿತ್ತು, ಮಗಳಿಗಲ್ಲ. ನೀಲವ್ವ ಎದ್ದು ಮಶೀನಿನಿಂದ ತಾನೇ ಕ್ಯಾಸೆಟ್ಟು ತೆಗೆದುಕೊಂಡಳು.

"ಇದು ಇನ್ನ ನಿಮ್ಮ ಕಪಾಟ್ನ್ಯಾಗ ಬ್ಯಾಡ್ರಿ," ಎಂದು ಚೀಲಕ್ಕೆ ಹಾಕಿಕೊಂಡು ಹೋದಳು.

ಅವಳ ಮನೆಯಲ್ಲಿ ಮಶೀನು ಇರಲಿಲ್ಲ. ಹಾಗಾಗಿ ಬರುವುದೇನೋ ತಪ್ಪಲಿಲ್ಲ. ಆದರೆ ಪ್ರತಿ ಸಲ ಕ್ಯಾಸೆಟ್ಟನ್ನು ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ತರುತ್ತಿದ್ದಳು. ನಾನು ಕೈ ಚಾಚಿದರೂ ಕೊಡುತ್ತಿರಲಿಲ್ಲ. ತಾನೇ ಬಗ್ಗಿ ಹಾಕುವಳು, ನೋಡಿ ಮೊದಲಿನ ತನಕ ತಿರುಗಿ ಸುತ್ತಿದ ಮೇಲೆ ತಾನೇ ತೆಗೆಯುವಳು, ಮತ್ತೆ ಬಟ್ಟೆಯಲ್ಲಿ ಸುತ್ತುವಳು. ನನ್ನ ಜೊತೆ ಮಳೆ, ಬೆಳೆ, ಬಸ್ಸು ಎಲ್ಲ ಮಾತಾಡುವಳು. ಕ್ಯಾಸೆಟ್ಟು ಮಾತ್ರ ನನ್ನ ಕೈಗಿಲ್ಲ. ನಾನು ಬಟನ್ನು ಒತ್ತುವುದಕ್ಕಷ್ಟೇ. ಭಾವನವರು ನೋಡಿ, "ಇಷ್ಟು ವರ್ಷ ಬೋರ್ಡ್ ಹಾಕೀನಿ, ರಿವೈಂಡ್ ಮಾಡಿ ಒಯ್ಯೂ ಗಿರಾಕಿ ಇಕಿ ಒಬ್ಬಾಕಿನ," ಎಂದರು. ನನಗೆ ನಗು ಬರಲಿಲ್ಲ. ಮದುವಿ ಕಪಾಟಿನ ಉಳಿದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿ ನೋಡಿ, ಚೀಟಿಯನ್ನು ಅಂಟಿಸುವ ಬದಲು ದಾರದಿಂದ ಕಟ್ಟಿದೆ. ಅದಕ್ಕೆ ನಾಲ್ಕು ದಿನ ಹಿಡಿಯಿತು.

ಪವಿತ್ರಾ ಹೇಳುತ್ತಾಳೆ, ಅವರಲ್ಲಿ ಗಿರಾಕಿಗೆ ಬೇಸರವಾದರೆ ಒಂದು ಬಟನ್ನು ಒತ್ತಿ ಬಿಟ್ಟು ಹೋಗುತ್ತಾನಂತೆ, ಯಾಕೆ ಎಂದು ಕೇಳಿದರೆ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಬೇಕಂತೆ. ಸುಲಭವಾಯಿತು. ನನ್ನ ಗಿರಾಕಿ ಬಿಟ್ಟು ಹೋಗಲಿಲ್ಲ, ಎರಡು ಮೂರು ವಾರಕ್ಕೊಮ್ಮೆ ಎದುರಿಗೆ ಬಂದು ಕುಳಿತುಕೊಳ್ಳುತ್ತಿದ್ದಳು. ಬಿಟ್ಟು ಹೋಗಿದ್ದರೇ ವಾಸಿಯಿತ್ತು ಎಂದು ಕೆಲವು ಸೋಮವಾರ ಅನಿಸಿದ್ದುಂಟು.

ಹೀಗೆ ಒಂದು ವರ್ಷದ ಮೇಲಾಯಿತು. ಮಳೆ ನಿಂತು ಕೆಸರಾಗಿದ್ದ ಒಂದು ಸೋಮವಾರ, ನೀಲವ್ವ ಮೊಣಕಾಲ ತನಕ ಎರೆಮಣ್ಣು ಮೆತ್ತಿಕೊಂಡು ಬಂದಳು. ಅರ್ಧ ದಾರಿಯಲ್ಲಿ ಬಸ್ಸು ಹೂತು ಎಲ್ಲರೂ ಇಳಿದು ನಡೆದಿದ್ದರಂತೆ. ಬಾಗಿಲಲ್ಲೇ ನಿಂತು ಚೀಲದಿಂದ ಬಟ್ಟೆಯ ಗಂಟು ತೆಗೆದು ನನ್ನ ಕಡೆ ಚಾಚಿದಳು.

"ಹಾಕಿರ್ರಿ ಅಕ್ಕಾರ. ನಾ ಕಾಲ ತೊಳಕೊಂಡು ಬರ್ತೀನಿ."

ಹೇಳಿ ಹಿತ್ತಲ ನಳದ ಕಡೆ ಹೋಗಿಬಿಟ್ಟಳು. ಕೆಸರಿನ ಕೈ ಎಂದು ಕೊಟ್ಟಳೋ, ನೆನಪಿಲ್ಲದೆ ಕೊಟ್ಟಳೋ, ಕೊಡಬೇಕೆಂದೇ ಕೊಟ್ಟಳೋ ನನಗೆ ತಿಳಿಯಲಿಲ್ಲ. ಬಟ್ಟೆ ಬಿಚ್ಚಿದೆ. ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಚಾಪೆಯ ಮೇಲೆ ಕುಳಿತೆ. ಮಶೀನು ಎದುರಿಗೇ ಇತ್ತು. ಹಿತ್ತಲಲ್ಲಿ ನೀರು ಬೀಳುವ ಸದ್ದು ನಿಂತಿತು. ಅವಳು ಕಾಲು ಒರೆಸಿಕೊಳ್ಳುತ್ತ ಒಳಗೆ ಬಂದು ನನ್ನನ್ನು ನೋಡಿದಳು.

"ಯಾಕ್ರಿ, ಇನ್ನೂ ಹಾಕಿಲ್ಲ?"

"ನೀವು ಬರಲಿ ಅಂತ."

"ಹಾಕ್ರಿ, ಹಾಕ್ರಿ," ಎಂದು ನನ್ನ ಬಾಜೂಕ್ಕೆ ಕುಳಿತಳು. "ಐದರ ಬಸ್ಸಿಗೆ ಹೋಗಬೇಕು."

ಹಾಕಿದೆ.